ಕುಡಿತ ಬಿಡುವ ಕ್ರಮ, ಬೈಪೋಲಾರ್ ಹಿಡಿತದಲ್ಲಿಡುವ ಕ್ರಮ: ಎರಡಕ್ಕೂ ಒಂದೇ ದಿನಚರಿ

ಬೈಪೋಲಾರ್ ಎಂದರೆ ಮನಸ್ಸು ಕೆಲವು ಕಾಲ ಅತಿ ಹುರುಪಿಗೆ, ಅಂದರೆ ಮೇನಿಯಾಗೆ ಏರಿ, ಕೆಲವು ಕಾಲ ಖಿನ್ನತೆಗೆ ಇಳಿಯುವ ಕಾಯಿಲೆ. ಈ ಕಾಯಿಲೆ, ಕುಡಿತದ ಚಟ ಎರಡೂ ಒಬ್ಬರಲ್ಲೇ ಇರುವುದು ಅಪರೂಪವೇನಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ, ತೀವ್ರ ಮೇನಿಯಾ ಬರುವ ಮೊದಲನೇ ಬಗೆಯ ಬೈಪೋಲಾರ್ ಇದ್ದವರ ಪೈಕಿ ಶೇ 46ರಷ್ಟು ಮಂದಿಗೆ ಬದುಕಿನ ಯಾವುದಾದರೂ ಹಂತದಲ್ಲಿ ಕುಡಿತದ ಸಮಸ್ಯೆ ಇತ್ತು. ಬೇರೆ ಮಾದಕ ವಸ್ತುಗಳನ್ನೂ ಲೆಕ್ಕಕ್ಕೆ ಹಿಡಿದರೆ ಆ ಸಂಖ್ಯೆ ಶೇ 60 ದಾಟಿತ್ತು. ಆದರೆ ಚಿಕಿತ್ಸೆ ನಡೆಯುವುದು ಎರಡು ಬೇರೆ ಬೇರೆ ಬಾಗಿಲಲ್ಲಿ. ಒಂದು ಕಡೆ "ಮೊದಲು ಕುಡಿಯೋದು ಬಿಟ್ಟು ಬನ್ನಿ" ಎನ್ನುತ್ತಾರೆ. ಇನ್ನೊಂದು ಕಡೆ "ಕುಡಿತ ಬಿಟ್ಟರೆ ತಲೆ ತಾನಾಗೇ ಸರಿಹೋಗುತ್ತೆ" ಎನ್ನುತ್ತಾರೆ. ರೋಗಿ, ರೋಗಿಯ ಮನೆಯವರು ನಡುವೆ ಓಡಾಡಿ ಸುಸ್ತಾಗುತ್ತಾರೆ.

ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯಲ್ಲಿ ರೋಜರ್ ವೈಸ್ ಎಂಬ ಮನೋವೈದ್ಯರು ಈ ಎರಡನ್ನೂ ಒಟ್ಟಿಗೆ ಹಿಡಿಯುವ ಗುಂಪು ಚಿಕಿತ್ಸೆಯೊಂದನ್ನು ರೂಪಿಸಿದರು. ಅದರ ತಿರುಳು ಇಷ್ಟು: ನಿಮಗಿರುವುದು ಎರಡು ಕಾಯಿಲೆ ಅಂದುಕೊಳ್ಳಬೇಡಿ, ಒಂದೇ ಕಾಯಿಲೆ ಎಂದು ಎಣಿಸಿ. ಅದಕ್ಕೆ ನಿಯಮವೂ ಒಂದೇ: ಏನೇ ಆಗಲಿ, ಕುಡಿಯುವುದಿಲ್ಲ, ಬೇರೆ ಮಾದಕ ವಸ್ತು ಮುಟ್ಟುವುದಿಲ್ಲ, ವೈದ್ಯರು ಬರೆದ ಮಾತ್ರೆಯನ್ನು ಬರೆದಂತೆ ನುಂಗುತ್ತೇನೆ. "ಏನೇ ಆಗಲಿ" ಎಂಬ ಎರಡು ಪದ ಈ ನಿಯಮದಲ್ಲಿ ಸುಮ್ಮನೆ ಸೇರಿಲ್ಲ. ಮನಸ್ಸು ಚೆನ್ನಾಗಿದ್ದಾಗ, ಕೆಟ್ಟಿದ್ದಾಗ, ಜಗಳವಾದಾಗ, ಮದುವೆ ಮನೆಯಲ್ಲಿ, ಎಲ್ಲ ಕಡೆಯೂ ಅದೇ ನಿಯಮ ಎಂಬುದು ಅದರ ಅರ್ಥ.

ಈ ಬರಹ ಆ ನಿಯಮವನ್ನು ನಮ್ಮ ಮನೆಗಳಲ್ಲಿ ದಿನದಿನ ನಡೆಸುವುದು ಹೇಗೆ ಎಂಬುದರ ಬಗ್ಗೆ. ಕುಡಿತವಿಲ್ಲದೆ ಬರೀ ಬೈಪೋಲಾರ್ ಇರುವವರಿಗೂ ಇದರ ಬಹುಪಾಲು ಒದಗುತ್ತದೆ. ಚಟ ಬಿಟ್ಟವರು ದಶಕಗಳಿಂದ ಪಳಗಿಸಿಕೊಂಡ ಉಪಾಯಗಳು ಬೈಪೋಲಾರ್‌ಗೆ ಬಹಳ ಚೆನ್ನಾಗಿ ಹೊಂದುತ್ತವೆ. ಕೆಲವು ಮಾತ್ರ ಹೊಂದುವುದಿಲ್ಲ. ಅವು ಯಾವುವು ಎಂಬುದನ್ನೂ ಮುಂದೆ ಹೇಳುತ್ತೇವೆ.

ಮೊದಲು, ಮನೆಯಲ್ಲಿ ಮಾಡಬಾರದ್ದು

ದಿನವೂ ಜಾಸ್ತಿ ಕುಡಿಯುವವರು "ನಾಳೆಯಿಂದ ಒಂದು ಹನಿಯೂ ಇಲ್ಲ" ಎಂದು ಮನೆಯಲ್ಲೇ ಥಟ್ಟನೆ ನಿಲ್ಲಿಸುವುದು ಅಪಾಯ. ಜಾಸ್ತಿ ಎಂದರೆ ಎಷ್ಟು ಎಂಬುದಕ್ಕೆ ಲೆಕ್ಕ ಇಟ್ಟುಕೊಳ್ಳಿ. ನಮ್ಮ ವಿಸ್ಕಿ, ರಮ್ಮುಗಳಲ್ಲಿ ಆಲ್ಕೊಹಾಲ್ ಶೇ 42.8. 30 ಮಿಲಿ ಎಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೊಹಾಲ್, ಅದೇ ಒಂದು ಯೂನಿಟ್. 90 ಮಿಲಿಯ ಪ್ಯಾಕೆಟ್ಟಿನಲ್ಲಿ 3 ಯೂನಿಟ್, 180ರ ಕ್ವಾರ್ಟರಿನಲ್ಲಿ 6. ದಿನಕ್ಕೊಂದು ಕ್ವಾರ್ಟರ್ ಏರಿಸುವವರು, ಬೆಳಗ್ಗೆ ಎದ್ದ ಕೂಡಲೇ ಕೈ ನಡುಗಿ ಕುಡಿಯಬೇಕಾಗುವವರು, ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದಿದ್ದವರು ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು.

ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ಎದೆ ಡವಗುಟ್ಟುವುದು ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಊರು ಹೆಸರು ಗೊತ್ತಾಗದಷ್ಟು ಗೊಂದಲ, ಇಲ್ಲದ್ದು ಕಾಣುವುದು, ಜ್ವರ. ಇದು ಜೀವಕ್ಕೆ ಅಪಾಯ. ಬೈಪೋಲಾರ್ ಇರುವವರಲ್ಲಿ ಇದನ್ನು ನೋಡಿ "ಮತ್ತೆ ಮೇನಿಯಾ ಬಂತು" ಎಂದು ಮನೆಯವರು ತಪ್ಪು ತಿಳಿಯುವುದುಂಟು. ಕುಡಿತ ನಿಂತು ನಾಲ್ಕು ದಿನದೊಳಗೆ ಹೀಗಾದರೆ ಯೋಚಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸುಸ್ತಾಗಿದ್ದಾರೆಂದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ಗ್ಲೂಕೋಸ್ ಡ್ರಿಪ್ ಹಾಕಿಸುವುದು ನಮ್ಮಲ್ಲಿ ರೂಢಿ. ಬಹುಕಾಲ ಕುಡಿದವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬತ್ತಿಹೋಗಿರುತ್ತದೆ. ಅದನ್ನು ತುಂಬದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಿ, ಕಣ್ಣಿನ ಚಲನೆ, ನಡಿಗೆ, ನೆನಪು ಕೆಡಬಹುದು. "ಇವರು ದಿನಾ ಕುಡಿಯುವವರು, ಮೊದಲು ಥಯಾಮಿನ್ ಕೊಡಿ" ಎಂದು ಮನೆಯವರೇ ಬಾಯಿಬಿಟ್ಟು ಹೇಳಬೇಕು. ಮರ್ಯಾದೆಗೆ ಅಂಜಿ ಕುಡಿತದ ವಿಷಯ ಮುಚ್ಚಿಟ್ಟರೆ ಪೆಟ್ಟು ರೋಗಿಗೇ ಬೀಳುತ್ತದೆ.

ಬೈಪೋಲಾರ್ ಮಾತ್ರೆಗೂ ಇದೇ ಮಾತು. ಲಿಥಿಯಂ ಥಟ್ಟನೆ ನಿಲ್ಲಿಸಿದವರಲ್ಲಿ ಮುಂದಿನ ಕೆಲವೇ ತಿಂಗಳಲ್ಲಿ ಮೇನಿಯಾ ಮರುಕಳಿಸುವ ಸಾಧ್ಯತೆ, ನಿಧಾನವಾಗಿ ಇಳಿಸಿದವರಿಗಿಂತ ಹೆಚ್ಚು. ಕುಡಿತವನ್ನೂ ಮಾತ್ರೆಯನ್ನೂ ಒಂದೇ ದಿನ ಬಿಟ್ಟು "ಎಲ್ಲ ಶುದ್ಧ ಮಾಡ್ಕೋತೀನಿ" ಎಂದು ಹೊರಡುವವರಿದ್ದಾರೆ. ಎರಡು ಪೆಟ್ಟು ಒಟ್ಟಿಗೆ ಬೀಳುವುದು ಆಗಲೇ.

ಎರಡಕ್ಕೂ ಒಬ್ಬನೇ ಶತ್ರು

"ಮುಳುಗಿದವನಿಗೆ ಚಳಿಯೇನು, ಮಳೆಯೇನು" ಎಂಬ ಗಾದೆ ನಮ್ಮಲ್ಲಿದೆ. ಚಟ ಬಿಟ್ಟವರು ಮತ್ತೆ ಬೀಳುವುದು ಹೆಚ್ಚಾಗಿ ಮೊದಲ ಗುಟುಕಿನಿಂದಲ್ಲ, ಆ ಗುಟುಕಿನ ನಂತರ ಈ ಗಾದೆಯಂತೆ ಯೋಚಿಸುವುದರಿಂದ. ಹೇಗೂ ಒಂದು ಪೆಗ್ ಹೋಯಿತು, ಮೂರು ತಿಂಗಳ ವ್ರತ ಕೆಟ್ಟಿತು, ಇನ್ನು ಬಾಟಲಿ ಮುಗಿಸಿದರೇನು? ವ್ಯಸನದ ಮನೋವಿಜ್ಞಾನದಲ್ಲಿ ಅಲನ್ ಮಾರ್ಲಾಟ್ 1980ರ ದಶಕದಲ್ಲಿ ಇದನ್ನು ವಿವರವಾಗಿ ತೋರಿಸಿದರು. ಎಡವುವುದೇ ಬೇರೆ, ಬೀಳುವುದೇ ಬೇರೆ. ಎಡವಿದ್ದನ್ನು ಬಿದ್ದೆ ಎಂದು ತಿಳಿದವನು ನಿಜವಾಗಿಯೂ ಬೀಳುತ್ತಾನೆ.

ಬೈಪೋಲಾರ್ ಇರುವವರ ಬಾಯಲ್ಲಿ ಇದೇ ಯೋಚನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. "ಎರಡು ದಿನ ಮಾತ್ರೆ ಬಿಟ್ಟಾಯ್ತು, ಇನ್ನು ಈ ವಾರ ಬಿಟ್ಟರೇನು." "ಹೇಗೂ ಖಿನ್ನತೆ ಬಂದೇ ಬಂತು, ಮಾತ್ರೆ ಏನು ಉಪಯೋಗ." "ಜೀವನಪೂರ್ತಿ ಕಾಯಿಲೆಯವನೇ ಅಂದಮೇಲೆ ಕುಡಿದರೇನು, ಬಿಟ್ಟರೇನು." ಈ ವಾಕ್ಯಗಳನ್ನು ನೀವು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತೀರೋ ಅದೇ ಮಾತಿನಲ್ಲಿ ಒಂದು ಹಾಳೆಯಲ್ಲಿ ಬರೆದಿಡಿ. ಪ್ರತಿಯೊಂದರ ಎದುರು ಮುಂದಿನ ಒಂದೇ ಒಂದು ಕೆಲಸ ಬರೆಯಿರಿ: "ಇವತ್ತಿನ ರಾತ್ರಿಯ ಮಾತ್ರೆ ನುಂಗುತ್ತೇನೆ", "ಅಣ್ಣನಿಗೆ ಫೋನ್ ಮಾಡುತ್ತೇನೆ". ಆ ಯೋಚನೆಯ ಜೊತೆ ವಾದಕ್ಕೆ ಇಳಿಯಬೇಡಿ. ಆ ಹೊತ್ತಿನಲ್ಲಿ ಮನಸ್ಸು ನಿಮಗಿಂತ ಚೆನ್ನಾಗಿ ವಾದ ಮಾಡುತ್ತದೆ.

ಬೈಪೋಲಾರ್‌ನಲ್ಲಿ ಇದರ ತದ್ವಿರುದ್ಧ ಮುಖವೂ ಇದೆ: "ಈಗ ಹುಷಾರಾಗಿದ್ದೀನಲ್ಲ, ಮಾತ್ರೆ ಯಾಕೆ?" ಕುಡಿತ ಬಿಟ್ಟು ಆರು ತಿಂಗಳಾದವರು "ಈಗ ಲಿಮಿಟ್ಟಿನಲ್ಲಿ ಕುಡಿಯಬಲ್ಲೆ" ಎನ್ನುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಹುಷಾರಾಗಿರುವುದೇ ಮಾತ್ರೆಯಿಂದ. ಸ್ವಲ್ಪ ಮಟ್ಟಿನ ಏರು, ಅಂದರೆ ಹೈಪೋಮೇನಿಯಾ, ಬಹಳ ಹಿತವಾಗಿರುತ್ತದೆ. ಕೆಲಸ ಸರಾಗ, ಮಾತು ಚುರುಕು, ನಿದ್ದೆಯೇ ಬೇಡ. ಕುಡಿದವನಿಗೆ ಮೊದಲ ಎರಡು ಪೆಗ್ಗಿನಲ್ಲಿ ಸಿಗುವ ಹಿತಕ್ಕೆ ಇದು ಹತ್ತಿರ. ಆ ಹಿತಕ್ಕಾಗಿಯೇ ಮಾತ್ರೆ ಬಿಡುವವರಿದ್ದಾರೆ. ನೀವೂ ಹಾಗೆ ಬಿಟ್ಟಿದ್ದರೆ ಅದನ್ನು ವೈದ್ಯರ ಹತ್ತಿರ ಸಂಕೋಚವಿಲ್ಲದೆ ಹೇಳಿಬಿಡಿ. ಡೋಸ್ ಹೊಂದಿಸಲು ಅವರಿಗೆ ಅದು ಬೇಕಾದ ಮಾಹಿತಿ.

ನೋಟ್‌ಬುಕ್

ಒಂದು ಉದ್ದನೆಯ ಗೆರೆ ಪುಸ್ತಕ ಸಾಕು. ಆ್ಯಪ್ ಬೇಕೆಂದವರು ಬಳಸಿ, ಆದರೆ ರಾತ್ರಿ ಹತ್ತಕ್ಕೆ ಮೊಬೈಲ್ ಕೈಗೆತ್ತಿಕೊಂಡರೆ ಹನ್ನೊಂದೂವರೆಗೆ ಕೆಳಗಿಡುವ ಅಭ್ಯಾಸವಿದ್ದರೆ ಪುಸ್ತಕವೇ ಮೇಲು. ದಿನಕ್ಕೊಂದು ಸಾಲು, ಎರಡು ನಿಮಿಷದ ಕೆಲಸ.

ಮೊದಲು ಐದು ಹೊತ್ತುಗಳು: ಹಾಸಿಗೆ ಬಿಟ್ಟದ್ದು, ಮೊದಲ ಬಾರಿ ಒಬ್ಬರೊಂದಿಗೆ ಮಾತಾಡಿದ್ದು, ಕೆಲಸ ಶುರು ಮಾಡಿದ್ದು, ರಾತ್ರಿ ಊಟ, ಮಲಗಿದ್ದು. ಅಮೆರಿಕದ ಎಲೆನ್ ಫ್ರಾಂಕ್ ಮತ್ತು ಸಂಗಡಿಗರು ಬೈಪೋಲಾರ್‌ಗಾಗಿ ರೂಪಿಸಿದ ದಿನಲಯದ ಚಿಕಿತ್ಸೆಯಲ್ಲಿ ಅಳೆಯುವುದು ಇವನ್ನೇ. ಪ್ರತಿಯೊಂದಕ್ಕೂ ನಿಮ್ಮ ಮಾಮೂಲಿ ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಅದಕ್ಕಿಂತ 45 ನಿಮಿಷ ಆಚೀಚೆಯೊಳಗೆ ಆದರೆ ಸರಿ ಗುರುತು ಹಾಕಿ. ವಾರಕ್ಕೆ 35 ಗುರುತು ಆಗಬಹುದು. ಆರಂಭದಲ್ಲಿ 15 ಬಂದರೂ ಬೇಸರ ಬೇಡ, ಮೊದಲು ಎದ್ದೇಳುವ ಹೊತ್ತೊಂದನ್ನೇ ಹಿಡಿದು ನಿಲ್ಲಿಸಿ. ಮಲಗುವ ಹೊತ್ತು ನಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ, ಏಳುವ ಹೊತ್ತು ಇರುತ್ತದೆ. ಭಾನುವಾರವೂ ಅದೇ ಹೊತ್ತು.

ಆಮೇಲೆ ನಿದ್ದೆಯ ಗಂಟೆ. ಮನಸ್ಸಿನ ಮಟ್ಟವನ್ನು −3ರಿಂದ +3ರವರೆಗೆ: ಸೊನ್ನೆ ಎಂದರೆ ಮಾಮೂಲು, −1 ಎಂದರೆ ಬೇಸರವಿದ್ದರೂ ಕೆಲಸ ನಡೆಯುತ್ತಿದೆ, −3 ಎಂದರೆ ಹಾಸಿಗೆ ಬಿಡಲಾಗುತ್ತಿಲ್ಲ; +1 ಎಂದರೆ ಸ್ವಲ್ಪ ಹೆಚ್ಚೇ ಹುರುಪು, +3 ಎಂದರೆ ಮನೆಯವರು ಹೆದರಿದ್ದಾರೆ. ಕುಡಿಯುವ ಚಪಲ 0ರಿಂದ 10. ಮಾತ್ರೆಗೊಂದು ಟಿಕ್. ಕುಡಿದಿದ್ದರೆ ಯೂನಿಟ್ ಲೆಕ್ಕ. ಅಷ್ಟೇ.

ಆರು ವಾರ ಬರೆದ ಮೇಲೆ ಪುಟಗಳನ್ನು ಒಟ್ಟಿಗೆ ನೋಡಿ. ಚಪಲ ಏರುವುದು ಮನಸ್ಸು ಇಳಿದಾಗಲೋ ಏರಿದಾಗಲೋ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಖಿನ್ನತೆ ಮರೆಯಲು ಕುಡಿಯುವವರಿದ್ದಾರೆ, ಮೇನಿಯಾದ ಹುರುಪಿನಲ್ಲಿ ಎಲ್ಲರಿಗೂ ಕುಡಿಸಿ ತಾವೂ ಕುಡಿಯುವವರಿದ್ದಾರೆ, ನಿದ್ದೆ ಬರಲೆಂದು ಕುಡಿಯುವವರೂ ಇದ್ದಾರೆ. ಮೂವರಿಗೂ ಉಪಾಯ ಬೇರೆ. ನಿದ್ದೆಗೆಂದು ಕುಡಿಯುವವರು ಇದನ್ನು ತಿಳಿದಿರಲಿ: ಕುಡಿದರೆ ನಿದ್ದೆ ಬೇಗ ಹತ್ತುತ್ತದೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧ ಛಿದ್ರವಾಗುತ್ತದೆ. ಬೈಪೋಲಾರ್ ಇರುವವರಿಗೆ ಆ ಕಳೆದುಹೋದ ನಿದ್ದೆಯೇ ಮೇನಿಯಾದ ಬಾಗಿಲು.

ಇಲ್ಲೊಂದು ಗೊಂದಲ ಬಿಡಿಸಬೇಕು. ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ಯಾರಿಗೇ ಆದರೂ ನಿದ್ದೆ ಕೆಡುತ್ತದೆ. ಅದು ಚಟ ಬಿಟ್ಟದ್ದರ ಪರಿಣಾಮವೋ, ಮೇನಿಯಾದ ಮುನ್ಸೂಚನೆಯೋ? ಬೆಳಗ್ಗೆ ಹೇಗಿದ್ದೀರಿ ನೋಡಿ. ನಾಲ್ಕೇ ಗಂಟೆ ನಿದ್ದೆಯಾಗಿ ಮೈಯೆಲ್ಲ ಭಾರ, ಕಣ್ಣುರಿ, ಆಕಳಿಕೆ ಇದ್ದರೆ ಅದು ನಿದ್ದೆಗೇಡು. ನಾಲ್ಕೇ ಗಂಟೆ ಮಲಗಿ ಐದಕ್ಕೇ ಎದ್ದು ಮನೆಯೆಲ್ಲ ಗುಡಿಸಿ ಇನ್ನೂ ಹುರುಪು ಉಳಿದಿದ್ದರೆ ಅದು ಏರು. ಎರಡು ರಾತ್ರಿ ಸತತ ಹೀಗಾದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ವೈದ್ಯರಿಗೆ ತಿಳಿಸಿ.

ಚಟ ಬಿಟ್ಟವರು ದಿನ ಎಣಿಸುತ್ತಾರೆ: 30, 90, ಒಂದು ವರ್ಷ. ಬೈಪೋಲಾರ್‌ಗೆ ಅದನ್ನೇ ತಂದು "ಖಿನ್ನತೆ ಬಾರದೆ 90 ದಿನ" ಎಂದು ಎಣಿಸಬೇಡಿ. ಖಿನ್ನತೆ ಬರುವುದು ಬಿಡುವುದು ನಿಮ್ಮ ತಪ್ಪೂ ಅಲ್ಲ, ಸಾಧನೆಯೂ ಅಲ್ಲ. ಎಣಿಸಬೇಕಾದದ್ದು ನಿಯಮ ಉಳಿಸಿಕೊಂಡ ದಿನಗಳನ್ನು. ತಪ್ಪಿದರೆ ಸೊನ್ನೆಗೆ ಇಳಿಸದೆ "92ರಲ್ಲಿ 91" ಎಂದು ಬರೆಯಿರಿ. ಸೊನ್ನೆ ಎಂದು ಬರೆದ ಪುಟವೇ ಮುಳುಗಿದವನ ಯೋಚನೆಗೆ ದಾರಿ ಮಾಡಿಕೊಡುತ್ತದೆ.

ಮುನ್ಸೂಚನೆಗಳು

ಚಟ ಬಿಟ್ಟವರ ಬಳಗಗಳಲ್ಲಿ ನಾಲ್ಕು ಪದಗಳ ಪರೀಕ್ಷೆ ಬಳಕೆಯಲ್ಲಿದೆ: ಹಸಿವು, ಸಿಟ್ಟು, ಒಂಟಿತನ, ದಣಿವು. ಕುಡಿಯಬೇಕೆನಿಸಿದಾಗ ಈ ನಾಲ್ಕರಲ್ಲಿ ಯಾವುದು ಎಂದು ಕೇಳಿಕೊಂಡು, ಅದಕ್ಕೆ ಮೊದಲು ಮದ್ದು ಮಾಡುವುದು. ಎರಡು ಇಡ್ಲಿ ತಿಂದ ಮೇಲೆ ಚಪಲ 8ರಿಂದ 4ಕ್ಕೆ ಇಳಿಯುವುದನ್ನು ಪುಸ್ತಕದಲ್ಲಿ ಕಂಡವರಿಗೆ ಇದರ ಬೆಲೆ ಗೊತ್ತು. ಚಪಲ ಅಲೆಯ ಹಾಗೆ. ಹೆಚ್ಚಾಗಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಏರಿ ತಾನೇ ಇಳಿಯುತ್ತದೆ. ಅಷ್ಟು ಹೊತ್ತು ಜಾಗ ಬದಲಿಸಿ, ನೀರು ಕುಡಿಯಿರಿ, ಯಾರಿಗಾದರೂ ಫೋನ್ ಮಾಡಿ.

ಮೇನಿಯಾದ ಅಲೆ ಹಾಗಲ್ಲ. ಅದು ಅರ್ಧ ಗಂಟೆಯಲ್ಲಿ ಇಳಿಯುವುದಿಲ್ಲ, ದಿನಗಟ್ಟಲೆ ಏರುತ್ತದೆ. ಆದ್ದರಿಂದ ಅಲ್ಲಿ ಕಾಯುವ ಗಡುವು ದೊಡ್ಡದು: 48 ಗಂಟೆ ಮತ್ತು ಇಬ್ಬರು. ಯಾವುದೇ ದೊಡ್ಡ ತೀರ್ಮಾನ, ಅಂದರೆ ಸೈಟು ಕೊಳ್ಳುವುದು, ಕೆಲಸಕ್ಕೆ ರಾಜೀನಾಮೆ, ಸಾಲ, ಹೊಸ ಬಿಸಿನೆಸ್, ಮದುವೆ ಮುರಿಯುವುದು, ಇವಕ್ಕೆ ಎರಡು ರಾತ್ರಿ ಸರಿಯಾಗಿ ಮಲಗಿ ಎದ್ದಿರಬೇಕು, ಮೊದಲೇ ಗೊತ್ತುಮಾಡಿದ ಇಬ್ಬರು ಒಪ್ಪಿರಬೇಕು. ನಿಜಕ್ಕೂ ಒಳ್ಳೆಯ ಯೋಚನೆಯಾಗಿದ್ದರೆ ಎರಡು ದಿನದಲ್ಲಿ ಅದು ಹಳಸುವುದಿಲ್ಲ.

ಮುನ್ಸೂಚನೆಗಳನ್ನು ಪುಸ್ತಕದಿಂದ ನಕಲು ಮಾಡಬೇಡಿ, ನಿಮ್ಮವನ್ನೇ ಹುಡುಕಿ. ಕಳೆದ ಸಲ ಏರುವ ಮೊದಲ ವಾರದಲ್ಲಿ ಏನಾಗಿತ್ತು ಎಂದು ಮನೆಯವರನ್ನು ಕೇಳಿ. ಉತ್ತರಗಳು ಬಹಳ ಸಣ್ಣವಾಗಿರುತ್ತವೆ: ಹಳೆಯ ಗೆಳೆಯರಿಗೆಲ್ಲ ಫೋನ್ ಮಾಡತೊಡಗಿದರು, ಬೈಕ್ ಜೋರಾಗಿ ಓಡಿಸಿದರು, ರಾತ್ರಿ ಒಂದಕ್ಕೆ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದರು, ದೇವರ ಕೋಣೆಯಲ್ಲಿ ಎರಡು ಗಂಟೆ ಕೂತರು, ಅಮ್ಮನ ಮೇಲೆ ರೇಗಿದರು. ಇಳಿಯುವ ಮೊದಲು: ಸ್ನಾನ ತಪ್ಪಿಸಿದರು, ಫೋನ್ ಎತ್ತಲಿಲ್ಲ, ಊಟದಲ್ಲಿ ಉಪ್ಪಿದೆಯೋ ಇಲ್ಲವೋ ಎಂಬುದೂ ಗಮನಕ್ಕೆ ಬರಲಿಲ್ಲ. ಇವುಗಳಲ್ಲಿ ಐದನ್ನು ಆರಿಸಿ ಬರೆಯಿರಿ. ಐದರಲ್ಲಿ ಮೂರು ಒಟ್ಟಿಗೆ ಕಂಡರೆ ಮನೆಯವರು ನೇರವಾಗಿ ಹೇಳಲು ನೀವು ಈಗಲೇ, ಹುಷಾರಾಗಿರುವಾಗಲೇ ಒಪ್ಪಿಗೆ ಕೊಟ್ಟಿರಬೇಕು. ಹೇಳುವ ಮಾತನ್ನೂ ಈಗಲೇ ಗೊತ್ತುಮಾಡಿ. "ಮತ್ತೆ ಶುರುವಾಯ್ತಾ ನಿಂದು?" ಎಂದರೆ ಜಗಳವಾಗುತ್ತದೆ. "ಪಟ್ಟಿಯಲ್ಲಿ ಮೂರು ಕಾಣಿಸ್ತಿದೆ, ಪುಸ್ತಕ ನೋಡೋಣ ಬಾ" ಎಂದರೆ ಮಾತು ಮುಂದುವರಿಯುತ್ತದೆ.

ಮಾತ್ರೆ ಮತ್ತು ಮದ್ಯದ ಲೆಕ್ಕಾಚಾರ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹೆಚ್ಚಿನ ಅನಾಹುತಗಳು ನಡೆಯುವುದು ಇಲ್ಲಿಯೇ.

ಲಿಥಿಯಂ ರಕ್ತದಲ್ಲಿ ಎಷ್ಟಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಈಕ್ವಿವಲೆಂಟ್, ಕೆಲವರಿಗೆ 1.0ರವರೆಗೆ. 1.5 ದಾಟಿದರೆ ವಿಷವಾಗತೊಡಗುತ್ತದೆ. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಇಷ್ಟು ಕಿರಿದು. ಪರೀಕ್ಷೆಗೆ ರಕ್ತ ಕೊಡಬೇಕಾದದ್ದು ಕೊನೆಯ ಡೋಸಿನ 12 ಗಂಟೆಯ ನಂತರ. ರಾತ್ರಿ 9ಕ್ಕೆ ನುಂಗಿದರೆ ಬೆಳಗ್ಗೆ 9ಕ್ಕೆ, ಬೆಳಗಿನ ಮಾತ್ರೆ ನುಂಗುವ ಮೊದಲು. ಮಾತ್ರೆ ನುಂಗಿ ಎರಡು ಗಂಟೆಗೆ ಲ್ಯಾಬಿಗೆ ಹೋಗಿ, ಸುಳ್ಳು ಏರಿಕೆ ಕಂಡು, ಡೋಸ್ ಇಳಿಸಿ, ಮೇನಿಯಾ ಮರಳುವುದು ಎಷ್ಟೋ ಸಲ ನಡೆಯುವ ತಪ್ಪು. ಡೋಸ್ ಬದಲಾದರೆ 5ರಿಂದ 7 ದಿನಕ್ಕೆ ಪರೀಕ್ಷೆ, ಸ್ಥಿರವಾದ ಮೇಲೆ 3ರಿಂದ 6 ತಿಂಗಳಿಗೊಮ್ಮೆ. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್, ಕ್ಯಾಲ್ಸಿಯಂ.

ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಲಿಥಿಯಂ ಏರುತ್ತದೆ. ಕುಡಿತ ನೀರನ್ನು ಹೊರಹಾಕುತ್ತದೆ, ವಾಂತಿ ತರಿಸುತ್ತದೆ. ನಿರ್ಜಲ ಏಕಾದಶಿ, ರಂಜಾನ್ ಉಪವಾಸ, ರಾಯಚೂರು ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಹೊಲದ ಕೆಲಸ, ಬಿಪಿಗೆಂದು ಒಮ್ಮೆಲೇ ಉಪ್ಪು ಬಿಡುವುದು, ಇವೆಲ್ಲ ಅದೇ ಕೆಲಸ ಮಾಡುತ್ತವೆ. ಉಪವಾಸ ಮಾಡಲೇಬೇಕೆಂದಿದ್ದರೆ ವಾರ ಮೊದಲೇ ವೈದ್ಯರನ್ನು ಕೇಳಿ. ವಾಂತಿಭೇದಿಯಾದ ದಿನ ಲಿಥಿಯಂ ನುಂಗುವ ಮೊದಲು ಫೋನ್ ಮಾಡಿ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ಮಂಪರು ಕಂಡರೆ ಅದು ಲಿಥಿಯಂ ವಿಷವಿರಬಹುದು. ದೂರದಿಂದ ನೋಡಿದರೆ ಕುಡಿದವರ ಹಾಗೆಯೇ ಕಾಣುತ್ತದೆ! "ಮತ್ತೆ ಕುಡಿದು ಬಂದಿದ್ದಾನೆ, ಮಲಗಲಿ ಬಿಡು" ಎಂದು ಬಿಟ್ಟು ಜೀವಕ್ಕೆ ಕುತ್ತು ಬಂದೀತು. ಬಾಯಲ್ಲಿ ಮದ್ಯದ ವಾಸನೆ ಇಲ್ಲದೆ ತೂರಾಡುತ್ತಿದ್ದರೆ ನೇರ ಆಸ್ಪತ್ರೆ. ವಾಸನೆ ಇದ್ದರೂ ಲಿಥಿಯಂ ತೆಗೆದುಕೊಳ್ಳುವವರಾದರೆ ಆಸ್ಪತ್ರೆಯೇ.

ನೋವಿನ ಮಾತ್ರೆ: ಡೈಕ್ಲೊಫೆನಾಕ್, ಐಬುಪ್ರೊಫೆನ್ ಲಿಥಿಯಂ ಏರಿಸುತ್ತವೆ. ಪ್ಯಾರಾಸಿಟಮಾಲ್ ಏರಿಸುವುದಿಲ್ಲ, ಆದರೆ ಬಹುಕಾಲ ಕುಡಿದವರ ಲಿವರಿಗೆ ದಿನಕ್ಕೆ 2 ಗ್ರಾಂ, ಅಂದರೆ 500ರ ನಾಲ್ಕು ಮಾತ್ರೆ, ಮೀರದಿರಲಿ. ಕಾಫಿಯೂ ಲೆಕ್ಕಕ್ಕಿದೆ. ಕುಡಿತ ಬಿಟ್ಟವರು ಅದರ ಜಾಗದಲ್ಲಿ ದಿನಕ್ಕೆ ಎಂಟು ಲೋಟ ಕಾಫಿ ಕುಡಿಯತೊಡಗಿದರೆ ನಿದ್ದೆ ಕೆಡುವುದರ ಜೊತೆ ಲಿಥಿಯಂ ಇಳಿಯುತ್ತದೆ. ಒಮ್ಮೆಲೇ ಕಾಫಿ ಬಿಟ್ಟರೆ ಏರುತ್ತದೆ. ಸಿಗರೇಟ್ ಬಿಟ್ಟಾಗ, ಬೈಪೋಲಾರ್ ಇರುವವರಿಗೆ ಕೊಡುವ ಇನ್ನೊಂದು ಮಾತ್ರೆ ಓಲಾಂಜಪಿನ್ ರಕ್ತದಲ್ಲಿ ಏರಿ ಮಂಪರು ಹೆಚ್ಚಬಹುದು. ಬಿಡುವುದು ಒಳ್ಳೆಯದೇ, ಡೋಸ್ ಹೊಂದಿಸಲು ವೈದ್ಯರಿಗೆ ತಿಳಿಸಿ ಬಿಡಿ.

ವ್ಯಾಲ್‌ಪ್ರೊಯೇಟ್ ಎಂಬ ಬೈಪೋಲಾರ್ ಮಾತ್ರೆ ತೆಗೆದುಕೊಳ್ಳುವವರು ಕುಡಿದರೆ ಪೆಟ್ಟು ಲಿವರಿಗೆ. ಗರ್ಭಿಣಿಯಾಗಬಹುದಾದ ಹೆಣ್ಣುಮಕ್ಕಳು ಈ ಮಾತ್ರೆಯ ಬಗ್ಗೆ ವೈದ್ಯರಲ್ಲಿ ಬಿಡಿಸಿ ಕೇಳಬೇಕು, ಹುಟ್ಟುವ ಮಗುವಿಗೆ ಅಂಗದೋಷ ಬರುವ ಅಪಾಯ ಇದರಲ್ಲಿ ಹೆಚ್ಚು. ಬೈಪೋಲಾರ್ ಇರುವವರಿಗೆ ಕೊಡುವ ಲ್ಯಾಮೊಟ್ರಿಜಿನ್ ಐದು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸಿಗೆ ನೇರ ಹಾರಬೇಡಿ, ಮೊದಲಿನಂತೆ ಸಣ್ಣ ಡೋಸಿನಿಂದ ಏರಿಸಬೇಕಾಗುತ್ತದೆ. ಇಲ್ಲವಾದರೆ ಚರ್ಮ ಸುಲಿಯುವ ಗಂಭೀರ ಗುಳ್ಳೆಗಳೇಳಬಹುದು. ಕುಡಿದು ಒಂದು ವಾರ ಮಾತ್ರೆ ಬಿಟ್ಟವರಿಗೆ ಇದು ಮುಖ್ಯ.

ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯ ವಿಷಯ ಬೇರೆಯೇ. "ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ" ಎಂದು ಮಾರುವ ಕುಡಿತ ಬಿಡಿಸುವ ಪುಡಿಗಳ ಜಾಹೀರಾತು ನಂಬಿ ಕೆಟ್ಟ ಮನೆಗಳಿವೆ. ಈ ಔಷಧಿ ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ಬಿಪಿ ಕುಸಿದು, ಎದೆ ಹಿಡಿದು ಸಾವೂ ಆಗಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಅಪಾಯ ಉಳಿಯುತ್ತದೆ. ಬೈಪೋಲಾರ್ ಇರುವವರಲ್ಲಿ ಇದು ಸೈಕೋಸಿಸ್, ಅಂದರೆ ಇಲ್ಲದ್ದು ಕಾಣುವ, ಕೇಳಿಸುವ ಸ್ಥಿತಿಯನ್ನು ಕೆರಳಿಸುವುದೂ ಉಂಟು. ರೋಗಿಗೆ ತಿಳಿಸದೆ ಎಂದೂ ಕೊಡಬೇಡಿ. ತಿಳಿದೇ ತೆಗೆದುಕೊಳ್ಳುವವರು ಅರಿಷ್ಟ, ಆಸವಗಳಿಂದ ದೂರವಿರಿ, ಅವುಗಳಲ್ಲಿ ಹುದುಗಿ ಹುಟ್ಟಿದ ಆಲ್ಕೊಹಾಲ್ ಇರುತ್ತದೆ. ಕೆಲವು ಕೆಮ್ಮಿನ ಸಿರಪ್ಪುಗಳಲ್ಲೂ ಇದೆ.

ಚಪಲ ಇಳಿಸಲು ಬೇರೆ ಮದ್ದುಗಳಿವೆ. ನ್ಯಾಲ್‌ಟ್ರೆಕ್ಸೋನ್ ದಿನಕ್ಕೊಂದು, ಸಾಮಾನ್ಯವಾಗಿ 50 ಮಿಗ್ರಾಂ. ಲಿವರ್ ಪರೀಕ್ಷೆ ಬೇಕು, ಟ್ರಮಡಾಲ್‌ನಂಥ ನೋವಿನ ಮಾತ್ರೆಯೊಂದಿಗೆ ಆಗದು. ಅಕ್ಯಾಂಪ್ರೊಸೇಟ್ 333ರ ಎರಡೆರಡು ಮಾತ್ರೆ ದಿನಕ್ಕೆ ಮೂರು ಸಲ. ಅದು ಕಿಡ್ನಿಯ ಮೂಲಕ ಹೊರಹೋಗುವುದರಿಂದ ಲಿಥಿಯಂಗೆ ಮಾಡಿಸುವ ಕ್ರಿಯಾಟಿನಿನ್ ಪರೀಕ್ಷೆಯೇ ಇದಕ್ಕೂ ಆಗುತ್ತದೆ. ಆದರೆ ಈಗಾಗಲೇ ಮಾತ್ರೆ ಮರೆಯುವವರಿಗೆ ದಿನಕ್ಕೆ ಆರು ಹೆಚ್ಚುವರಿ ಮಾತ್ರೆ ಕಷ್ಟ ಎಂಬುದನ್ನು ವೈದ್ಯರಿಗೆ ಹೇಳಿ. ನಿದ್ದೆಗೆಂದು ಅಲ್ಪ್ರಜೋಲಾಂ ಮೆಡಿಕಲ್ ಸ್ಟೋರಿನಿಂದ ತಾವೇ ತಂದು ನುಂಗುವುದು ಮಾತ್ರ ಒಂದು ಚಟ ಬಿಟ್ಟು ಇನ್ನೊಂದಕ್ಕೆ ಬಿದ್ದ ಹಾಗೆ. ಕುಡಿತದೊಂದಿಗೆ ಸೇರಿದರೆ ಉಸಿರೇ ನಿಲ್ಲಬಹುದು.

ಎಡವಿದ ನಂತರದ 24 ಗಂಟೆ

ಒಂದು ಸಂಜೆ ಕುಡಿದಿರಿ, ಅಥವಾ ಮೂರು ದಿನ ಮಾತ್ರೆ ತಪ್ಪಿತು. ಮೊದಲು, ಉಳಿದ ಬಾಟಲಿಯನ್ನು ಸಿಂಕಿಗೆ ಸುರಿಯಿರಿ, ನಾಳೆಗೆಂದು ಎತ್ತಿಡಬೇಡಿ. ತಪ್ಪಿದ ಮಾತ್ರೆಯನ್ನು ಸರಿದೂಗಿಸಲು ಎರಡು ನುಂಗಬೇಡಿ. ಗಾಡಿ ಕೀಲಿ ಬೇರೆಯವರ ಕೈಗೆ. ನೀರು ಕುಡಿದು, ಏನಾದರೂ ತಿಂದು ಮಲಗಿ. ಅಂದಿನ ರಾತ್ರಿಯ ಮಾತ್ರೆ ನುಂಗಬೇಕೋ ಬೇಡವೋ ಎಂಬುದು ಯಾವ ಮಾತ್ರೆ, ಎಷ್ಟು ಕುಡಿದಿರಿ ಎಂಬುದರ ಮೇಲಿದೆ. ಇದರ ಉತ್ತರವನ್ನು ವೈದ್ಯರಿಂದ ಮುಂಚೆಯೇ ಬರೆಸಿ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಡಿ. "ಕುಡಿದಿದ್ದೀನಿ, ಮಾತ್ರೆ ಬೇಡ" ಎಂದು ತಾವೇ ತೀರ್ಮಾನಿಸಿ ವಾರಗಟ್ಟಲೆ ಎರಡನ್ನೂ ಕೆಡಿಸಿಕೊಳ್ಳುವುದೇ ಹೆಚ್ಚು.

ಮರುದಿನ ಮಾಮೂಲಿ ಹೊತ್ತಿಗೇ ಏಳಿ. ಒಬ್ಬರಿಗೆ ಹೇಳಿ, ಒಬ್ಬರಿಗೆ ಸಾಕು. ಪುಸ್ತಕದಲ್ಲಿ ಬರೆಯಿರಿ: ಅದಕ್ಕೆ ಹಿಂದಿನ ಮೂರು ದಿನ ನಿದ್ದೆ ಎಷ್ಟು, ಮನಸ್ಸು ಎಷ್ಟು, ಯಾರ ಜೊತೆ ಇದ್ದಿರಿ. ಕಾರಣ ಹೆಚ್ಚಾಗಿ ಕುಡಿದ ದಿನದಲ್ಲಿ ಸಿಗುವುದಿಲ್ಲ, ಅದಕ್ಕೆ ಎರಡು ಮೂರು ದಿನ ಹಿಂದಿರುತ್ತದೆ. ಮೂರನೇ ದಿನದೊಳಗೆ ವೈದ್ಯರಿಗೋ ಆಪ್ತಸಮಾಲೋಚಕರಿಗೋ ತಿಳಿಸಿ.

ಸಾಯುವ ಯೋಚನೆ ಬಂದರೆ ಈ ಯಾವ ಕ್ರಮಕ್ಕೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕುಡಿದ ಮೇಲಿನ ಖಿನ್ನತೆ ಅತಿ ಅಪಾಯದ ಹೊತ್ತು. ಹಾಗಾಗಿ ಮನೆಯಲ್ಲಿ ತಿಂಗಳ ಲಿಥಿಯಂ ಒಟ್ಟಿಗೆ ಇಡದೆ, ವಾರದಷ್ಟನ್ನು ಮಾತ್ರ ಕೈಗೆ ಕೊಟ್ಟು ಉಳಿದದ್ದನ್ನು ಮನೆಯವರು ಬೀಗದಲ್ಲಿಡಿ. ಕೀಟನಾಶಕದ ಡಬ್ಬಿಗಳನ್ನೂ ಹಾಗೆಯೇ.

ಎಲ್ಲಿ ಹೋಲಿಕೆ ನಿಲ್ಲುತ್ತದೆ

1935ರಲ್ಲಿ ಅಮೆರಿಕದ ಏಕ್ರನ್ ಪಟ್ಟಣದಲ್ಲಿ ಶುರುವಾದ, ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ನೆರವಾಗುವ ಬಳಗವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳು ಬೆಂಗಳೂರಿನಲ್ಲೂ ನಡೆಯುತ್ತವೆ. ಅಲ್ಲಿಂದ ಸಿಗುವ ಸ್ನೇಹ, ಮಧ್ಯರಾತ್ರಿ ಫೋನ್ ಎತ್ತುವ ಹಿರಿಯ ಸದಸ್ಯ, ಇವಕ್ಕೆ ಸಾಟಿಯಿಲ್ಲ. ಆದರೆ ಕೆಲವು ಸದಸ್ಯರು "ಮಾತ್ರೆಯೂ ಒಂದು ನಶೆಯೇ, ಅದನ್ನೂ ಬಿಡು" ಎನ್ನುವುದುಂಟು. ಅದು ಆ ಸಂಸ್ಥೆಯ ನಿಲುವಲ್ಲ. ಯಾವ ಸದಸ್ಯನೂ ವೈದ್ಯನಾಗಬಾರದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಲಿಥಿಯಂ ನಶೆ ಏರಿಸುವುದಿಲ್ಲ, ಅದಕ್ಕೆ ಚಪಲವೂ ಹುಟ್ಟುವುದಿಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಆಳದ್ದು. ಮದ್ಯವನ್ನು ಬದುಕಿನಿಂದ ಪೂರ್ತಿ ಹೊರಗಿಡಬಹುದು. ಮನಸ್ಸಿನ ಏರಿಳಿತವನ್ನು ಹೊರಗಿಡಲಾಗದು, ಎಲ್ಲರಿಗೂ ಇರುವ ಸಂತೋಷ ದುಃಖ ನಿಮಗೂ ಬೇಕು. ಮಗಳ ಮದುವೆಯಲ್ಲಿ ಖುಷಿಯಾದರೆ "ಏರು ಬಂತೇ?" ಎಂದು ಮನೆಯವರೆಲ್ಲ ಕಣ್ಣಿಟ್ಟು ನೋಡುವುದು ರೋಗಿಗೆ ಹಿಂಸೆ. ಅದಕ್ಕೇ ನಿದ್ದೆಯ ಲೆಕ್ಕ: ಖುಷಿಯಾಗಿದ್ದು ಏಳು ಗಂಟೆ ಮಲಗಿದರೆ ಅದು ಖುಷಿಯೇ.

ಖಿನ್ನತೆಯ ರೋಗನಿರ್ಣಯದಲ್ಲೂ ಒಂದು ಎಚ್ಚರ. ಕುಡಿತವೇ ಖಿನ್ನತೆ ತರುತ್ತದೆ. ಬಿಟ್ಟು ಎರಡರಿಂದ ನಾಲ್ಕು ವಾರ ಆದ ಮೇಲೆ ಉಳಿದದ್ದು ಏನು ಎಂದು ವೈದ್ಯರು ನೋಡುತ್ತಾರೆ. ಅಷ್ಟರಲ್ಲಿ ಬೇರೆ ಕಡೆ ಹೋಗಿ ಬೈಪೋಲಾರ್ ವಿಷಯ ಹೇಳದೆ ಬರೀ ಖಿನ್ನತೆಯ ಮಾತ್ರೆ ಬರೆಸಿಕೊಂಡರೆ, ಅದೊಂದೇ ಮೇನಿಯಾಗೆ ಎಳೆದೊಯ್ಯಬಹುದು.

ಹಣ, ಮದುವೆ ಮನೆ, ಕಾಗದಪತ್ರ

ಹುಷಾರಾಗಿರುವಾಗ ಬ್ಯಾಂಕ್ ಆ್ಯಪಿನಲ್ಲಿ ಯುಪಿಐ ದಿನದ ಮಿತಿಯನ್ನು ಇಳಿಸಿಡಿ, 2,000 ರೂಪಾಯಿ ದಿನದ ಖರ್ಚಿಗೆ ಸಾಕಾದರೆ ಅಷ್ಟೇ. ದೊಡ್ಡ ಠೇವಣಿ ಇಬ್ಬರ ಸಹಿಯಿಲ್ಲದೆ ಹೊರಬಾರದಂತಿರಲಿ. ಕ್ರೆಡಿಟ್ ಕಾರ್ಡ್ ಒಂದೇ, ಮಿತಿ ಸಣ್ಣದು. ಇದು ಕುಡಿತಕ್ಕೂ, ಮೇನಿಯಾಗೂ, ಮೊಬೈಲ್ ಜೂಜಿಗೂ ಒಂದೇ ತಡೆ.

ಶಿವರಾತ್ರಿಯ ಜಾಗರಣೆ, ಇಡೀ ರಾತ್ರಿಯ ಬಯಲಾಟ, ಮದುವೆಯ ಹಿಂದಿನ ರಾತ್ರಿ, ಐಟಿ ಕೆಲಸದ ರಾತ್ರಿಪಾಳಿ, ಅಮೆರಿಕದ ವಿಮಾನ, ಇವೆಲ್ಲ ನಿದ್ದೆ ಕದಿಯುವ ಹೊತ್ತುಗಳು. ಹೋಗಬೇಡಿ ಎನ್ನುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಹೊರಡುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ, ಸ್ವಂತ ಗಾಡಿಯಿರಲಿ, ಮಾತ್ರೆ ಜೇಬಿನಲ್ಲಿರಲಿ. "ಒಂದೇ ಒಂದು ಪೆಗ್" ಎನ್ನುವ ಭಾವನಿಗೆ ಉತ್ತರ ಸಿದ್ಧವಿರಲಿ: "ಮಾತ್ರೆ ತಗೋತಿದ್ದೀನಿ ಭಾವ, ಆಗಲ್ಲ." ಇದು ಸುಳ್ಳೂ ಅಲ್ಲ, ಜಾಸ್ತಿ ವಿವರವೂ ಬೇಕಿಲ್ಲ. ರಾತ್ರಿಪಾಳಿ ಬದಲಿಸಲು ವೈದ್ಯರ ಪತ್ರ ಕೇಳಿ. ಪತ್ರದಲ್ಲಿ ಕಾಯಿಲೆಯ ಹೆಸರು ಬರೆಯದೆ ಹಗಲಿನ ಪಾಳಿ ಬೇಕೆಂದಷ್ಟೇ ಬರೆಯಬಹುದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ, ಕಾಯಿಲೆ ಜೋರಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ಬರೆದಿಡುವ ಹಕ್ಕು ಪ್ರತಿ ವಯಸ್ಕರಿಗೂ ಇದೆ. ನಿಮ್ಮ ಪರವಾಗಿ ಮಾತಾಡುವ ಒಬ್ಬರನ್ನು ಹೆಸರಿಸಲೂಬಹುದು. ಅದು ಗಂಡನೋ ಹೆಂಡತಿಯೋ ಆಗಿರಲೇಬೇಕೆಂದಿಲ್ಲ. ತುರ್ತು ಚಿಕಿತ್ಸೆಗೆ ಇದು ಅಡ್ಡ ಬರುವುದಿಲ್ಲ. ಎಲ್ಲಿ ದಾಖಲಾಗಲು ಇಷ್ಟ, ಯಾವ ಮದ್ದು ಹಿಂದೆ ಆಗಿಬರಲಿಲ್ಲ, ಮಕ್ಕಳನ್ನು ಯಾರು ನೋಡಿಕೊಳ್ಳಬೇಕು, ಕುಡಿತದ ಪ್ರಮಾಣವನ್ನು ವೈದ್ಯರಿಗೆ ಯಾರು ಹೇಳಬೇಕು ಎಂಬುದನ್ನೆಲ್ಲ ಅದರಲ್ಲಿ ಸೇರಿಸಿ.

ಎರಡಕ್ಕೂ ಒಂದೇ ಸೂರಿನಡಿ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವೂ ಇದೆ, ಉತ್ತರದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ದೂರ ಹೋಗಲಾಗದವರು ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಅಥವಾ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ಕಿನ ದಿನ ವಿಚಾರಿಸಿ. ಹೋಗುವಾಗ ಆರು ವಾರದ ನೋಟ್‌ಬುಕ್, ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳು, ಕೊನೆಯ ರಕ್ತಪರೀಕ್ಷೆಯ ಚೀಟಿ, ಮತ್ತು ಕುಡಿತದ ಲೆಕ್ಕವನ್ನು ಮುಚ್ಚಿಡದೆ ಹೇಳುವ ಒಬ್ಬರು ಜೊತೆಗಿರಲಿ.